ಭರಮವ್ವನ ಸವತಿ ಬೇವಿನಮರ

ಮೈಲಪ್ಪನ ಪದ್ಯದ ಪುಸ್ತಕದ ತುಂಬ ಬೆಳಗಾವಿ ಜೈಲಿನ ಅಂಗಳದ ಬೇವಿನಮರ. ಅಲ್ಲಿನ ಕುಂಟ ಬೆಕ್ಕಿನ ಮೇಲೂ ಎರಡು ಪದ್ಯಗಳಿದ್ದವು. ಹೆಂಡತಿ ಭರಮವ್ವನ ಮೇಲೆ ಮಾತ್ರ ಅರ್ಧ ಸಾಲೂ ಇರಲಿಲ್ಲ.

"ಇನ್ನೊಮ್ಮೆ ನೋಡ, ಎಲ್ಲೆರ ಇದ್ದೀತು" ಎಂದು ಅವಳು ಮಗಳು ನಾಗಲಕ್ಷ್ಮಿಯಿಂದ ಮತ್ತೆ ಹಾಳೆ ತಿರುವಿಸಿದಳು. ಇಲ್ಲ. ಸವತಿ ಬಂದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಮರಕ್ಕೆ ಜುಟ್ಟೆಲ್ಲಿಂದ ತರುವುದು? ಹೊಟ್ಟೆಕಿಚ್ಚಿಗೆ ಅವಳಿಗೆ ಅಂದು ರೊಟ್ಟಿ ಇಳಿಯಲಿಲ್ಲ.

ಗುತ್ತಲದಲ್ಲಿ ಹೊಲದ ಬದುವಿನ ಜಗಳಕ್ಕೆ ದಾಯಾದಿಯ ತಲೆಗೆ ಸಲಿಕೆ ಬೀಸಿ ಕೊಂದು ಮೈಲಪ್ಪ ಜೈಲು ಸೇರಿದ್ದ. ಹೋದಾಗ ಸಹಿ ಮಾಡಲಷ್ಟೇ ಬರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅಕ್ಷರ ಕಲಿತ, ಪದ್ಯ ಕಟ್ಟಿದ. ಇತ್ತ ಭರಮವ್ವ ಮಗಳ ಕೈ ಹಿಡಿದು ಬ್ಯಾಡಗಿಗೆ ಬಂದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಹಿಡಿದಳು. ಎಷ್ಟು ತೊಳೆದರೂ ಆ ಕೈಯ ಖಾರ ಹೋಗದು. ಆ ಕೆಲಸದ ಹೆಂಗಸರು ಮಕ್ಕಳ ಮುಖ ಸಹ ಮುಟ್ಟುವುದಿಲ್ಲ. ಗಂಡ ನೊಂದಾನೆಂದು ಅವಳು ಜೈಲಿಗೆ ಭೇಟಿಗೆ ಹೋದಾಗಲೆಲ್ಲ ಹೊಲಿಗೆ ಕೆಲಸವೆಂದೇ ಹೇಳುತ್ತಿದ್ದಳು. ಗಂಡನ ಬಿಡುಗಡೆಯ ಹೊತ್ತಿಗೆ ಮಗಳು ದುಡಿಯತೊಡಗಿದ್ದರಿಂದ ಕೂಲಿ ಬಿಟ್ಟಳು, ಸುಳ್ಳು ಹಾಗೇ ಉಳಿಯಿತು.

ಬಿಡುಗಡೆಯಾಗಿ ವರ್ಷವಾದರೂ ಮೈಲಪ್ಪ ಅವಳೊಡನೆ ಬೀಗರ ಮನೆಗೆ ಬಂದವನ ಹಾಗೆ ಇದ್ದ. ಪುಸ್ತಕ ಅಚ್ಚು ಹಾಕಿಸಿದ ಕಾಲೇಜಿನ ಬೇನಜೀರ ಮೇಡಂ ಬಂದರೆ ಮಾತ್ರ ಗಂಟೆಗಟ್ಟಲೆ ಮಾತು. ಬೇವಿನಮರ ಸಾಲದು ಅಂತ ಇವಳೊಬ್ಬಳು! ಹಾವೇರಿಯ ಪುಸ್ತಕ ಬಿಡುಗಡೆಗೆ ಹೋಗುವುದಿಲ್ಲವೆಂದು ಹಟ ಹಿಡಿದ ಭರಮವ್ವ ಕಡೆಗೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು.

ಅವಳ ಮನಸ್ಸಿನಲ್ಲಿದ್ದುದನ್ನು ಬೇನಜೀರಳೇ ವೇದಿಕೆಯ ಮೇಲೆ ಕೇಳಿಬಿಟ್ಟಳು. "ಮೈಲಪ್ಪಣ್ಣಾರ, ಅಕ್ಕಾರ ಮ್ಯಾಲೆ ಒಂದೂ ಪದ್ಯ ಯಾಕಿಲ್ರಿ?"

ಮೈಲಪ್ಪ ತಡೆದು ಹೇಳಿದ. "ಜೈಲಿನ ಭೇಟಿಯಾಗ ಮಂದಿ ಹೇಣ್ತೇರು ತಂತಿ ಜಾಳಗಿಯೊಳಗ ಬೆರಳು ತೂರಿಸಿ ಗಂಡಂದಿರನ್ನ ಮುಟ್ಟತಿದ್ರು. ನನ್ನಾಕಿ ಒಂದ ದಿನಾನೂ ಮುಟ್ಟಲಿಲ್ಲ. ಸೆರಗಿನಾಗ ಕೈ ಮುಚ್ಚಿಕೊಂಡು ನಿಂದರತಿದ್ಲು. ಖೂನಿ ಮಾಡಿದವನು, ಹೇಸಿಗಿ ಆಗಿರಬೇಕು. ಅದನ್ನ ಹ್ಯಾಂಗ ಬರೀಲ್ರಿ? ಆ ಬೇವಿನ ಗಿಡ ಮುಟ್ಟಿಸಿಕೊಂತು."

ಭರಮವ್ವ ಎದ್ದು ನಿಂತಳು. "ಹೇಸಿಗಿ ಅಲ್ರೀ! ಮೆಣಸಿನಕಾಯಿ ಕೈ ಅದು. ಹೊಲಿಗಿ ಅಂತ ಸುಳ್ಳ ಹೇಳಿದ್ದೆ. ತೊಟ್ಟ ಬಿಡಸಾಕ ಹೋಗತಿದ್ದೆ. ನಿಮಗ ಉರದೀತು ಅಂತ ಮುಚ್ಚಿಕೊಂಡಿದ್ದೆ."

ಅವಳು ಮೆಟ್ಟಿಲೇರಿ ಬಂದು, ಅಷ್ಟು ಜನರೆದುರಿಗೆ, ಮೈಲಪ್ಪನ ಕೆನ್ನೆಗೆ ಎರಡೂ ಅಂಗೈ ಇಟ್ಟಳು.

"ಈಗ ಉರಿಯೂದಿಲ್ಲ, ನೋಡ್ರಿ" ಎಂದಳು. "ಇನ್ನ ಆ ಗಿಡದ ಮ್ಯಾಲೆ ಬರದ್ರ ನಾ ಸುಮ್ನಿರಾಕಿ ಅಲ್ಲ ಮತ್ತ."