ನಟ್ಟಿನೊಳಗಿನ ಮೂರು ಸುತ್ತು

ನನ್ನ ಗ್ಯಾರೇಜಿನಿಂದ ಪಾಸಿಂಗಿಗೆ, ಅಂದರೆ ಆರ್‌ಟಿಒ ಪರೀಕ್ಷೆಗೆ, ಹೋದ ಗಾಡಿ ಒಂದೂ ಫೇಲಾಗಿ ಬಂದದ್ದಿಲ್ಲ. ಈ ಮಾತನ್ನು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಕುಮಟೆಯ ಹೆದ್ದಾರಿ ಬದಿಯಲ್ಲಿ ನನ್ನದೊಂದು ತಗಡಿನ ಶೆಡ್ಡಿತ್ತು. ಮೀನು ಸಾಗಿಸುವ ಟೆಂಪೋಗಳೇ ಹೆಚ್ಚು ಬರುತ್ತಿದ್ದವು. ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಚಕ್ರದ ಬೋಲ್ಟು, ಟಯರು ಕೂರುವ ಡಿಸ್ಕು ಎಲ್ಲವನ್ನೂ ತಿನ್ನುತ್ತದೆ. ಅದನ್ನು ಉಜ್ಜಿ, ಬಣ್ಣ ಬಳಿದು, ಗಾಡಿಯನ್ನು ಪರೀಕ್ಷೆಗೆ ನಿಲ್ಲುವ ಹಾಗೆ ಮಾಡುವುದು ನನ್ನ ಕಸುಬು.

ಹೈಸ್ಕೂಲು ಮುಗಿದ ಮೇಲೆ ಭಟ್ಕಳದಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಒಂದು ಮಾತು ಹೇಳುತ್ತಿದ್ದರು: "ಬೋಲ್ಟು ನಟ್ಟಿನಿಂದ ಹೊರಗೆ ಇಣುಕಬೇಕು ಬೇಟಾ, ಯಜಮಾನ ಕಿಟಕಿಯಿಂದ ನೋಡಿದ ಹಾಗೆ. ಇಣುಕಲಿಲ್ಲ ಅಂದ್ರೆ ಮನೇಲಿ ಯಾರೂ ಇಲ್ಲ ಅಂತ ತಿಳ್ಕೋ." ನಟ್ಟಿನ ಒಳಗಿನ ಸುತ್ತುಗಳನ್ನೆಲ್ಲ ಬೋಲ್ಟು ಹಿಡಿದಿರಬೇಕು, ಇಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ದಂಡ. ಇದು ನನಗೆ ಗೊತ್ತಿರಲಿಲ್ಲ ಎಂದು ಯಾರ ಮುಂದೆಯೂ ಹೇಳಲಾರೆ.

ಎಂಟು ವರ್ಷದ ಹಿಂದೆ ಹತ್ತಿರದ ಬಾಡ ಊರಿನ ಒಬ್ಬ ಟೆಂಪೋದವನು ಬಂದ. ತಾನೇ ಮಾಲಕ, ತಾನೇ ಡ್ರೈವರ್. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತು. ಮರುದಿನ ಬೆಳಿಗ್ಗೆ ಹೊನ್ನಾವರದಲ್ಲಿ ಪಾಸಿಂಗು. ಎಡಗಡೆಯ ಮುಂದಿನ ಚಕ್ರದ ಡಿಸ್ಕು ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು. ಹೆಂಡತಿಯೂ ಜೊತೆಗೆ ಬಂದು ಕ್ಯಾಬಿನ್ನಿನಲ್ಲಿ ಕೂತಿದ್ದಳು.

"ಮೇಸ್ತ್ರೀ, ನಾಳೆ ಪಾಸಾಗ್ತದೆ ಅಲ್ಲ? ಇಲ್ದಿದ್ರೆ ಇವಳು ನನ್ನ ಮನೆ ಒಳಗೆ ಸೇರ್ಸೂದಿಲ್ಲ."

"ಸೇರ್ಸ್ತೆ," ಎಂದಳು ಅವಳು ಒಳಗಿನಿಂದಲೇ. "ಊಟ ಹಾಕೂದಿಲ್ಲ, ಅಷ್ಟೆ."

ಮೂವರೂ ನಕ್ಕೆವು. ಅವರನ್ನು ಬಸ್ಸಿಗೆ ಕಳಿಸಿ ನಾನು ಗುಜರಿಯಿಂದ ಬೇರೊಂದು ಡಿಸ್ಕು ತಂದು ಹಾಕಿದೆ. ಅದು ಬೇರೆ ಗಾಡಿಯದು, ದಪ್ಪ ಹೆಚ್ಚು. ಬೋಲ್ಟು ಗಿಡ್ಡವಾಯಿತು. ನಟ್ಟು ತಿರುಗಿಸಿದರೆ ಮೂರೇ ಸುತ್ತು ಹಿಡಿಯಿತು. ಉದ್ದದ ಬೋಲ್ಟು ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ. ಫೋನ್ ಮಾಡಿ ತರಿಸಲು ಹೇಳಿದೆ. ಆದರೆ ಪಾಸಿಂಗು ಬೆಳಿಗ್ಗೆ.

ಅವನಿಗೆ ಫೋನ್ ಮಾಡಿ "ನಾಳೆ ಬೇಡ, ಮುಂದಕ್ಕೆ ಹಾಕು" ಎನ್ನಬಹುದಿತ್ತು. ಅವನು ಒಪ್ಪುತ್ತಿದ್ದ. ನನ್ನ ಹೆಸರು ಒಪ್ಪಲಿಲ್ಲ. ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಬೋಲ್ಟುಗಳನ್ನು ಗರಗಸದಲ್ಲಿ ಕತ್ತರಿಸಿ, ಬೆರಳುಗುರಿನಷ್ಟು ಉದ್ದದ ಐದು ತುಂಡು ಮಾಡಿದೆ. ಒಂದೊಂದನ್ನೂ ಒಂದೊಂದು ನಟ್ಟಿಗೆ ಹೊರಗಿನಿಂದ ತಿರುಗಿಸಿ ಕೂರಿಸಿದೆ. ಮೇಲೆ ಬೆಳ್ಳಿ ಬಣ್ಣ. ನೋಡಿದವರಿಗೆ ಬೋಲ್ಟು ನಟ್ಟನ್ನು ತುಂಬಿ ಎರಡು ಸುತ್ತು ಹೊರಗೆ ಇಣುಕಿದ ಹಾಗೆ. ಪರೀಕ್ಷೆ ಮಾಡಿದ ಅಧಿಕಾರಿಯದು ಇದರಲ್ಲಿ ತಪ್ಪಿಲ್ಲ. ಉಸ್ತಾದರು ಬಂದಿದ್ದರೂ ಮೋಸ ಹೋಗುತ್ತಿದ್ದರು.

ಬೆಳಿಗ್ಗೆ ಅವನು ಕೇಳಿದ, "ಎಲ್ಲ ಆತು?"

"ಆತು. ಸ್ವಲ್ಪ ಓಡಿದ ಮೇಲೆ ಒಂದು ಸಲ ನಟ್ಟು ಬಿಗಿ ಮಾಡು," ಎಂದೆ. ಯಾವ ಚಕ್ರ ಬಿಚ್ಚಿ ಹಾಕಿದರೂ ಹೇಳುವ ಮಾತು, ಬಾಯಿಗೆ ರೂಢಿ. ಸಂಜೆ ಗಾಡಿ ನನ್ನಲ್ಲಿಗೇ ತರಬೇಕು ಎಂದೂ ಹೇಳಿದೆ. ಹುಬ್ಬಳ್ಳಿಯ ಬೋಲ್ಟು ಬರುವವರೆಗೆ ಗಾಡಿ ಹಿಡಿದಿಡುವ ಯೋಚನೆ; ಅದನ್ನು ಹೇಳಲಿಲ್ಲ.

ಪಾಸಾದ ಗಾಡಿ ಮೊದಲು ಇಡಗುಂಜಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರುವುದು ನಮ್ಮ ಕಡೆಯ ವಾಡಿಕೆ. ಆ ಬೆಳಿಗ್ಗೆಯೇ ಅವನ ಹೆಂಡತಿ ಕಾಯಿ, ಹೂವಿನ ಚೀಲ ಕಾಲ ಬಳಿ ಇಟ್ಟುಕೊಂಡು ಕೂತಿದ್ದನ್ನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ.

ಗಾಡಿ ಪಾಸಾಯಿತು. ಹೊರಡುವ ಮೊದಲು ಅವನು ಪಾನಾ ಹಾಕಿ, ಅದರ ಮೇಲೆ ನಿಂತು, ನಟ್ಟುಗಳನ್ನು ತುಳಿದು ಬಿಗಿ ಮಾಡಿದ. ಶರಾವತಿ ಸೇತುವೆ ದಾಟಿದ ಮೇಲೆ ಒಂದು ಇಳುಕಲಿನಲ್ಲಿ ಎಡ ಚಕ್ರ ಕಳಚಿತು. ಗಾಡಿ ಅದೇ ಬದಿಗೆ ಮೋರಿಯೊಳಗೆ ಬಿತ್ತು. ಅವನಿಗೆ ತರಚಿದ ಗಾಯ. ಅವಳು ಅಲ್ಲೇ ತೀರಿಕೊಂಡಳು.

ಸುದ್ದಿ ಕೇಳಿ ನಾನು ಓಡಿದೆ. ಅವಳನ್ನು ಆಗಲೇ ಒಯ್ದಿದ್ದರು. ರಸ್ತೆ ಬದಿಯ ಹುಲ್ಲಿನಲ್ಲಿ ಹುಡುಕಿ ಮೂರು ನಟ್ಟು ಹೆಕ್ಕಿದೆ. ನನ್ನ ತುಂಡುಗಳು ಅವುಗಳಲ್ಲಿ ಹಾಗೇ ಇದ್ದವು. ವಾಪಸು ಬರುವಾಗ ಸೇತುವೆಯ ಮೇಲೆ ನಿಂತು ಮೂರನ್ನೂ ಹೊಳೆಗೆ ಎಸೆದೆ.

ಮರುದಿನ ಅವರ ಮನೆಗೆ ಹೋದಾಗ ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಅವನು ನನ್ನ ಕೈ ಹಿಡಿದುಕೊಂಡು, "ಮೇಸ್ತ್ರೀ, ಪಾನಾ ಮೇಲೆ ನಿಂತು ತುಳಿದೆ. ಕಾಲಡಿಗೆ ಏನೋ ಮೆತ್ತಗಾದಂಗೆ ಆತು. ನಾನೇ ನಟ್ಟಿನ ಸುತ್ತು ಹಾಳು ಮಾಡ್ದ್ನಾ?" ಎಂದ.

ನಾನು ಹೇಳಿದೆ, "ಅಷ್ಟು ಬಿಗಿ ಮಾಡಬಾರದಿತ್ತು ತಮ್ಮಾ."

ಹುಬ್ಬಳ್ಳಿಯ ಬೋಲ್ಟುಗಳು ಅದೇ ಸಂಜೆ ಬಂದವು. ಆ ಕಟ್ಟನ್ನು ನಾನು ಬಿಚ್ಚಲಿಲ್ಲ. ಕೆಲವು ತಿಂಗಳಲ್ಲಿ ಶೆಡ್ಡನ್ನೂ ಮುಚ್ಚಿದೆ. ವಯಸ್ಸಾಯಿತು ಎಂದು ಜನರಿಗೆ ಹೇಳಿದೆ.

ಈ ವರ್ಷ ಆ ಕಟ್ಟು ಹಿಡಿದುಕೊಂಡು ಬಾಡಕ್ಕೆ ಹೋದೆ. ಅವನು ಮತ್ತೆ ಗಾಡಿ ಮುಟ್ಟಿಲ್ಲ, ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾನೆ. ಹಿತ್ತಿಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಕೂತು ಎಲ್ಲ ಹೇಳಿದೆ: ಡಿಸ್ಕು, ಮೂರು ಸುತ್ತು, ಕತ್ತರಿಸಿದ ತುಂಡು. ಬೋಲ್ಟು ಸರಿ ಇದ್ದಿದ್ದರೆ ನೀನು ಎಷ್ಟು ತುಳಿದರೂ ಏನೂ ಆಗುತ್ತಿರಲಿಲ್ಲ ಎಂದೆ. ಕಟ್ಟು ಬಿಚ್ಚಿ ಉದ್ದದ ಬೋಲ್ಟು ತೋರಿಸಿದೆ.

ಅವನು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಇದು ಹೊಸ ಬೋಲ್ಟು. ಗ್ಯಾರೇಜ್‌ನವರ ಹತ್ರ ಇರೂದೇ. ಆ ನಟ್ಟು ಎಲ್ಲಿ?"

"ಹೊಳೆಗೆ ಎಸೆದೆ."

ಅವನು ನಕ್ಕ. ಗೇಲಿಯ ನಗು ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. "ಮೇಸ್ತ್ರೀ, ಸುಳ್ಳು ಹೇಳೂಕೆ ನಿಮಗೆ ಬರೂದಿಲ್ಲ. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಿ, ಅದು ನಿಮ್ಮ ದೊಡ್ಡ ಗುಣ. ಅವಳು ಅಂಗಳದಲ್ಲಿ ಮಲಗಿದ್ದಾಗ ನೀವೇ ಹೇಳಿದ್ರಲ್ಲ, ಅಷ್ಟು ಬಿಗಿ ಮಾಡಬಾರದಿತ್ತು ಅಂತ. ಹೆಣದ ಮುಂದೆ ಯಾರಾದ್ರೂ ಸುಳ್ಳು ಹೇಳ್ತ್ರಾ?"

ಹೇಳುತ್ತಾರೆ, ನಾನು ಹೇಳಿದೆ ಎಂದೆ. ಅವನು ಬೋಲ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ. ಚಹಾ ತಂದ. ಕುಡಿದು ಎದ್ದಾಗ ಹಿತ್ತಿಲ ಕಡೆ ತೋರಿಸಿದ.

"ಹೋಗೂ ಮುಂಚೆ ಆ ನಲ್ಲಿ ಒಂಚೂರು ಬಿಗಿ ಮಾಡಿಕೊಡಿ. ನಾನು ಎಂತದೂ ಬಿಗಿ ಮಾಡೂದಿಲ್ಲ ಈಗ. ನನ್ನ ಕೈ ಸಮ ಇಲ್ಲ."

ನಾನು ಹೋಗಿ ಬಿಗಿ ಮಾಡಿದೆ. ತೊಟ್ಟಿಕ್ಕುವುದು ನಿಂತಿತು.

"ನೋಡಿ," ಎಂದ ಅವನು, "ಕೈ ಅಂದ್ರೆ ಹಿಂಗಿರ್ಬೇಕು."