ಕಂಬ ಕಿತ್ತ ಮನೆಗೆ ಬೀಟೆ ಬೀರು

ಬಣಕಲ್‌ನ ಮರಗೆಲಸದ ಮಂಜಯ್ಯನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಮರ ಗೊತ್ತಿದ್ದವರು, ದಂಡಪಿಂಡಗಳು. ಮೊದಲನೆಯದರಲ್ಲಿ ಈಗ ಉಳಿದವನು ತಾನೊಬ್ಬನೇ. ಪ್ಲೈವುಡ್ ಕಂಡರೆ ಮೂಗು ಮುರಿಯುತ್ತಿದ್ದ, ಇಂಜಿನಿಯರ್ ಕಂಡರೆ ಪಕ್ಕಕ್ಕೆ ಉಗಿಯುತ್ತಿದ್ದ. ಅರವತ್ತೆರಡು ವರ್ಷ ಹೀಗೇ ಬದುಕಿದ್ದ. ಕೆಲಸ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅದಕ್ಕೇ ಜನ ಬೈಸಿಕೊಂಡೂ ಕರೆಯುತ್ತಿದ್ದರು.

ಕಾಫಿ ತೋಟದ ದೇವರಾಜ ತನ್ನ ಹಳೆಯ ಮನೆಯನ್ನು ಹೋಂಸ್ಟೇ ಮಾಡಿಕೊಂಡವನು. ಎಲ್ಲಿಂದಲೋ ಬೀಟೆಮರದ ಬೀರು ತಂದಿದ್ದ. ಖಾಲಿ ಇದ್ದರೂ ಆರು ಜನ ಹೊರಬೇಕು. ಅದನ್ನು ಮಹಡಿಯ ಕೋಣೆಯ ನಟ್ಟನಡುವೆ ನಿಲ್ಲಿಸಬೇಕಂತೆ, ಫೋಟೊ ಚೆನ್ನಾಗಿ ಬರುತ್ತದಂತೆ. ಆ ಕೆಲಸಕ್ಕೆ ಮಂಜಯ್ಯನನ್ನು ಕರೆಸಿದ್ದ.

ಮಂಜಯ್ಯ ಮಹಡಿ ಹತ್ತಿ ಹಿಮ್ಮಡಿಯಿಂದ ಹಲಗೆ ಒದ್ದ. ಕೆಳಗೆ ಊಟದ ಹಾಲ್‌ನಲ್ಲಿ ಅಡುಗೆಯ ಭಾಗಮ್ಮ ಸೊಪ್ಪು ಸೋಸುತ್ತಿದ್ದಳು. ಅವಳ ತಟ್ಟೆಗೆ ಮಣ್ಣು ಉದುರಿತು. ಅವನು ಇಳಿದು ಬಂದು, ಏಣಿ ಹಾಕಿ, ನಡುತೊಲೆಗೆ ನೂಲು ಹಿಡಿದು ನೋಡಿದ. ತೊಲೆ ಎರಡು ಬೆರಳು ಬಾಗಿತ್ತು.

"ಆಗಲ್ಲ ಗೌಡ್ರೇ. ಬೀರು ಕೆಳಗೇ ಇರ್ಲಿ."

"ಏನ್ ಮಾರಾಯ, ನಮ್ಮಜ್ಜ ಇದೇ ಮಹಡೀಲಿ ನೂರು ಮೂಟೆ ಕಾಫಿ ಪೇರಿಸ್ತಿದ್ರು!"

"ನಮ್ಮಜ್ಜ ತುಪ್ಪ ತಿಂದಿದ್ರು, ನನ್ ಕೈ ಮೂಸಿ ಅಂದಂಗಾಯ್ತು. ಆಗ ಈ ತೊಲೆ ಅಡೀಲಿ ಕಂಬ ಇತ್ತು. ಈಗ ಅದು ಗೇಟಲ್ಲಿ ನಿಮ್ ಬೋರ್ಡು ಹೊತ್ಕೊಂಡು ನಿಂತದೆ."

ನಿಜವೇ. ನಾಲ್ಕು ವರ್ಷದ ಹಿಂದೆ, ಗೆಸ್ಟ್‌ಗಳ ಉದ್ದನೆಯ ಊಟದ ಮೇಜಿಗೆ ಅಡ್ಡ ಬರುತ್ತದೆಂದು ದೇವರಾಜ ಆ ಕಂಬ ತೆಗೆಸಿದ್ದ. ಇಂಥವರ ಕೈಗೆ ಮನೆ ಕೊಟ್ಟುಹೋದ ಹಿರಿಯರನ್ನೇ ಬೈಯಬೇಕು ಎಂದುಕೊಂಡ ಮಂಜಯ್ಯ.

"ನಾಲ್ಕು ವರ್ಷ ಏನೂ ಆಗ್ಲಿಲ್ವಲ್ಲ," ಎಂದ ದೇವರಾಜ. "ಜನ ಕರೆಸ್ತೀನಿ, ಇವತ್ತೇ ಹತ್ತಿಸ್ತಾರೆ."

"ಹತ್ತಿಸ್ಲಿ. ಹತ್ತಿಸೋವಾಗ ನೀವು ಈ ತೊಲೆ ಅಡೀಲೇ ಕುರ್ಚಿ ಹಾಕ್ಕೊಂಡು ಕೂತ್ಕಳಿ."

ದೇವರಾಜ ನಕ್ಕ. "ನಾನ್ಯಾಕೆ? ಭಾಗಮ್ಮ ದಿನಾ ಕೂರ್ತಾಳಲ್ಲ ಅಲ್ಲಿ."

ಮಂಜಯ್ಯನಿಗೆ ಅಸಹ್ಯವಾಯಿತು. ಉಗಿಯಲು ಬಾಗಿಲಾಚೆ ಹೊರಟ. ಅಷ್ಟರಲ್ಲಿ ಭಾಗಮ್ಮ ಸೊಪ್ಪಿನ ಮಣ್ಣು ಕೊಡವುತ್ತ ತಲೆ ಎತ್ತಿದಳು.

"ಕಂಬ ಇಲ್ದಿದ್ರೆ ತೊಲೆ ಬಾಗ್ತದೆ ಅಂತ ನಿಮಗೆ ಆಗ್ಲೇ ಗೊತ್ತಿತ್ತಾ ಮಂಜಣ್ಣ?"

"ಗೊತ್ತಿಲ್ದೆ ಏನು? ಅದೇನು ದೊಡ್ಡ ವಿದ್ಯೆನಾ?"

"ಕಂಬ ಕಿತ್ತೋರು ನೀವೇ ಅಲ್ವಾ? ನಾಲ್ಕು ವರ್ಷದಿಂದ ನಾನು ಇದ್ರಡಿ ಕೂರ್ತಿದೀನಿ. ನಂಗಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವನ ಬಾಯಿಗೆ ಬಂದ ಉಗುಳು ಅಲ್ಲೇ ನಿಂತಿತು. ಆವತ್ತು ಗೌಡರು ತೆಗಿ ಅಂದರು, ಅವನು ತೆಗೆದ. ಕೇಳದ ದಡ್ಡನಿಗೆ ತಾನಾಗಿ ಬುದ್ಧಿ ಹೇಳುವುದು ತನ್ನ ಮರ್ಯಾದೆಗೆ ಕಡಿಮೆ ಎಂದುಕೊಂಡಿದ್ದ. ತೊಲೆಯಡಿ ಯಾರು ಕೂರುತ್ತಾರೆಂದು ಯೋಚಿಸಿರಲಿಲ್ಲ.

ಮಂಜಯ್ಯ ಮೂಲೆಯಲ್ಲಿದ್ದ ಹಾರೆ ಹಿಡಿದು ಗೇಟಿಗೆ ನಡೆದ. ಬೋರ್ಡು ಕಳಚಿ ನೆಲಕ್ಕಿಟ್ಟು ಕಂಬದ ಬುಡ ಅಗೆಯತೊಡಗಿದ.

"ಏಯ್, ಏನ್ ಮಾಡ್ತಿದೀಯ?" ದೇವರಾಜ ಕೂಗಿದ.

ಮಂಜಯ್ಯ ತಿರುಗಿ ನೋಡಲಿಲ್ಲ. ಭಾಗಮ್ಮ ಸೊಪ್ಪಿನ ತಟ್ಟೆ ಎತ್ತಿಕೊಂಡು ಹೊರಗೆ ಜಗಲಿಗೆ ಹೋಗಿ ಕುಳಿತಳು.