ತೊಳೆಯಬಾರದಿದ್ದ ಡಬ್ಬಿ

ಕರಕುಶಲವೆಂದರೆ ಬೇರೆ ಮೇಷ್ಟ್ರು ರಜೆ ಹಾಕಿದಾಗ ನೆನಪಾಗುವ ಪಾಠವೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಅದನ್ನು ಗಣಿತ, ವಿಜ್ಞಾನಗಳ ಸರಿಸಮಕ್ಕೆ ತಂದು ಕೂರಿಸಿದವರು ಶ್ರೀಮತಿ ಪ್ರೇಮಕ್ಕನವರು. ಮರ್ಫಿ ಟೌನಿನ ಈ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬರೆಯುವ ಭಾಗ್ಯ, ಅವರ ಕೈಕೆಳಗೆ ಹನ್ನೊಂದು ವರ್ಷ ದುಡಿದ ಗೌತಮಿಯ ಪಾಲಿಗೆ ಬಂದಿದೆ. ಭಾಗ್ಯವೆಂಬ ಪದವನ್ನು ಅವಳು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದದ್ದೂ ನಿಜ.

ರಾಯಚೂರಿನಿಂದ ಬಂದು ಜೀವನ್ ಬಿಮಾ ನಗರದಲ್ಲಿ ಸಂಸಾರ ಹೂಡಿದ ಪ್ರೇಮಕ್ಕನವರು, ಸಾಮಗ್ರಿ ಏನೂ ಇಲ್ಲದ ಮೊದಲ ವರ್ಷವೇ ಮಕ್ಕಳಿಗೆ "ಮನ್ಯಾಗ ಖಾಲಿ ಆಗಿದ್ದು ತರ್ರಿ" ಎಂದರು. ಎಣ್ಣೆ ಕ್ಯಾನು ಗಿಡಕ್ಕೆ ನೀರು ಹಾಕುವ ಹೂಜಿಯಾಯಿತು, ಐಸ್‌ಕ್ರೀಮ್ ಡಬ್ಬ ಹೊಲಿಗೆ ಪೆಟ್ಟಿಗೆಯಾಯಿತು. ಬಿಸ್ಕತ್ತಿನ ಡಬ್ಬಿಯಲ್ಲಿ ಕೊತ್ತಂಬರಿ ಚಿಗುರಿತು. ಆದರೆ ಕತ್ತರಿ ಹಿಡಿಯುವ ಮೊದಲು ಮುಚ್ಚಳ ತೆಗೆದು ಮೂಸಿ, "ಇದರಾಗ ಏನಿತ್ತವ್ವ?" ಎಂದು ಕೇಳುವುದು ಅವರ ಪದ್ಧತಿ. ಮಗು ತನ್ನ ಮನೆಯ ಕಥೆ ಹೇಳಿ ಮುಗಿಸುವವರೆಗೆ ಆ ಡಬ್ಬಿಗೆ ನೀರು ಸೋಕುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಗೌತಮಿಗೆ ಇದೆಲ್ಲ ಪೀರಿಯಡ್ ಹಾಳುಮಾಡುವ ಹರಟೆಯೆನಿಸುತ್ತಿತ್ತು.

ಎಂಟು ವರ್ಷಗಳ ಹಿಂದೆ, ತಾಯಿ ತೀರಿಕೊಂಡು ಶಿವಾಜಿನಗರದ ಖಾಲಾ, ಅಂದರೆ ಚಿಕ್ಕಮ್ಮನ, ಮನೆ ಸೇರಿದ್ದ ಆರನೇ ತರಗತಿಯ ಜಹನಾರಾ ಒಂದು ತಗಡಿನ ಡಬ್ಬಿ ತಂದಳು. "ಕಟ್ ಮಾಡ್ಬೇಡಿ ಮಿಸ್. ಇದ್ರಲ್ಲಿ ಅಮ್ಮಿ ಮಸಾಲೆ ಇಡ್ತಿದ್ರು. ಖಾಲಾ ಮನೇಲಿದ್ರೆ ತೊಳೆದ್ಬಿಡ್ತಾರೆ." ಪ್ರೇಮಕ್ಕನವರು ಅದನ್ನು ಬೀರುವಿನ ಮೇಲಿನ ಹಲಗೆಯಲ್ಲಿಟ್ಟರು. ಪ್ರತಿ ಶನಿವಾರ ಹುಡುಗಿ ಬಂದು ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಒಮ್ಮೆ ಮೂಸಿ, ಮತ್ತೆ ಬಿಗಿಯಾಗಿ ಮುಚ್ಚಿ ಹೋಗುತ್ತಿದ್ದಳು.

ಆ ವರ್ಷದ ವಸ್ತುಪ್ರದರ್ಶನದ ಮುನ್ನಾದಿನ ಪ್ರೇಮಕ್ಕನವರು ರಜೆಯಲ್ಲಿದ್ದರು. ಗೌತಮಿ ಎಲ್ಲಿಲ್ಲದ ಉತ್ಸಾಹದಿಂದ ಬೀರುವಿನ ಡಬ್ಬಿಗಳನ್ನೆಲ್ಲ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಬಿಸಿಲಿಗಿಟ್ಟಳು. ಯಾವುದರಲ್ಲಿ ಏನಿತ್ತೆಂದು ಯಾರನ್ನೂ ಕೇಳಲಿಲ್ಲ.

ಶನಿವಾರ ಜಹನಾರಾ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಯಾರು ತೊಳೆದ್ರು ಮಿಸ್?"

ಗೌತಮಿ ಬೀರುವಿನತ್ತ ತಿರುಗಿ ಡಬ್ಬಿಗಳನ್ನು ಜೋಡಿಸತೊಡಗಿದಳು. "ನಾನ ತೊಳದೆನವ್ವ. ಮರ್ತ ಹೋಗಿತ್ತು" ಎಂದರು ಪ್ರೇಮಕ್ಕ.

ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ ಆ ಹುಡುಗಿ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವರೊಡನೆ ಮಾತಾಡಲಿಲ್ಲ. ಹೀಗೇಕೆ ಮಾಡಿದಿರೆಂದು ಗೌತಮಿ ಕೇಳಿದಾಗ, "ನೀ ಇನ್ನೂ ಭಾಳ ವರ್ಷ ಇಲ್ಲಿ ಕಲಿಸಾಕಿ. ಹುಡುಗರು ನಿನ್ನ ನಂಬಬೇಕು" ಎಂದಷ್ಟೇ ಹೇಳಿದರು. ನಿಜ ಹೇಳಲು ಆಮೇಲೆ ದಿನವೂ ಅವಕಾಶವಿತ್ತು. ಗೌತಮಿ ಹೇಳಲಿಲ್ಲ. ಅದನ್ನು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತದೆ. ಈ ಸಂಪುಟಕ್ಕೆ ಹಳೆಯ ವಿದ್ಯಾರ್ಥಿಗಳಿಂದ ಬರಹ ಕೇಳಿದಾಗ ಜಹನಾರಾಳಿಂದ ಬಂದ ಉತ್ತರ ಒಂದೇ ಸಾಲಿನದು: "ಆ ಮಿಸ್ ಬಗ್ಗೆ ನಾನು ಬರೆಯಲ್ಲ."

ಪ್ರೇಮಕ್ಕನವರು ಆರೋಗ್ಯವಾಗಿ ನೂರ್ಕಾಲ ಬಾಳಲಿ. ಇನ್ನೆಷ್ಟೋ ಮಕ್ಕಳ ಡಬ್ಬಿಗಳ ಕಥೆ ಕೇಳುವ ಬಿಡುವು ಅವರಿಗಿರಲಿ. ಈ ಸಂಪುಟದ ಮೊದಲ ಪ್ರತಿ, ಆ ತಗಡಿನ ಡಬ್ಬಿಯ ಜೊತೆಗೆ, ಶಿವಾಜಿನಗರದ ಆ ಮನೆಗೆ ಹೋಗುತ್ತಿದೆ. ಅಲ್ಲಿ ಈ ಒಂದು ಪುಟ ಓದಿದರೆ ಸಾಕು. ಜಹನಾರಾ, ನಿನ್ನ ಡಬ್ಬಿ ತೊಳೆದವಳು ಗೌತಮಿ.